ಎಂಜಿನ್ ಸರಿಯಿದೆ, ವೇಗ ಮಾತ್ರ ಬರುತ್ತಿಲ್ಲ: ವೇಗದೋಣಿಯ ತಳದಲ್ಲಿರುವ ದೋಷವನ್ನು ಪತ್ತೆ ಹಚ್ಚುವ ಬಗೆ

ವೇಗದೋಣಿಯ ಗರಿಷ್ಠ ವೇಗ ಇಳಿದಿದೆ ಎಂಬ ದೂರು ಬಂದ ಕೂಡಲೇ ಎಲ್ಲರ ಕೈಯೂ ಎಂಜಿನ್ನಿನ ಮುಚ್ಚಳಕ್ಕೇ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬದಲಾಗುತ್ತದೆ, ಇಂಧನದ ಫಿಲ್ಟರ್ ಬದಲಾಗುತ್ತದೆ, ಕಂಪ್ಯೂಟರ್ ಜೋಡಿಸಿ ದೋಷಸಂಕೇತಗಳನ್ನು ಹುಡುಕುವುದೂ ಆಗುತ್ತದೆ. ಕೊನೆಗೆ ಎಂಜಿನ್ನಿನಲ್ಲಿ ತೊಂದರೆಯಿಲ್ಲ ಎಂಬ ವರದಿಯ ಜೊತೆ ದೋಣಿ ಮತ್ತೆ ನೀರಿಗಿಳಿದು ಅದೇ ಕಡಿಮೆ ವೇಗದಲ್ಲಿ ಓಡುತ್ತದೆ. ಕೊಲ್ಲಿಯ ಕಡಲಂಚಿನ ಯಾರ್ಡೊಂದರಲ್ಲಿ ಫೈಬರ್ ದೋಣಿಗಳ ದುರಸ್ತಿ ಮಾಡುತ್ತ ಬಂದ ನನಗೆ ಮನದಟ್ಟಾಗಿರುವುದೇನೆಂದರೆ, ದೋಣಿಯ ತಳದ ಕೊನೆಯ ಒಂದೂವರೆ ಮೀಟರ್ ಭಾಗಕ್ಕೆ ಮಟ್ಟಗೋಲು ಹಿಡಿದು ನೋಡದೆ ಎಂಜಿನ್ ಬಿಚ್ಚಬಾರದು. ಹತ್ತು ನಿಮಿಷದ ಆ ಕೆಲಸ ಎಷ್ಟೋ ಸಲ ವಾರಗಟ್ಟಲೆಯ ಖರ್ಚನ್ನು ಉಳಿಸುತ್ತದೆ.

ಈ ಬರಹದಲ್ಲಿ ಉದ್ದಕ್ಕೂ ಒಂದೇ ದೋಣಿಯ ಅಂಕಿಗಳನ್ನು ಬಳಸಿಕೊಂಡಿದ್ದೇನೆ. ಅದು 24 ಅಡಿ ಉದ್ದದ, ಆಳವಾದ ವಿ ಆಕಾರದ ತಳದ, 250 ಅಶ್ವಶಕ್ತಿಯ ಒಂಟಿ ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ತೂಗುಹಾಕುವ) ಎಂಜಿನ್ನಿನ ದೋಣಿ. ಹೊಸದಿದ್ದಾಗ ಅದು, ಎಂಜಿನ್ ನಿಮಿಷಕ್ಕೆ 5900 ಸುತ್ತು ಸುತ್ತುವಾಗ, ಎಂದರೆ 5900 ಆರ್‌ಪಿಎಂನಲ್ಲಿ 42 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಓಡುತ್ತಿತ್ತು. ಎರಡು ವರ್ಷಗಳ ನಂತರ ನಮ್ಮಲ್ಲಿಗೆ ಬಂದಾಗ 5500 ಆರ್‌ಪಿಎಂಗೆ ನಿಂತು 38 ನಾಟ್ ಮಾತ್ರ ಓಡುತ್ತಿತ್ತು. ಅದಕ್ಕೂ ಮೊದಲು ಬೇರೊಂದು ಕಡೆ ಅದರ ಎಂಜಿನ್ನಿಗೆ ಎರಡು ಬಾರಿ ಪೂರ್ತಿ ಸರ್ವಿಸ್ ಆಗಿತ್ತು.

ಮೊದಲ ಪ್ರಶ್ನೆ: ವೇಗ ಇಳಿದಿದೆಯೋ, ಮೊದಲಿನಿಂದಲೂ ಅಷ್ಟೇ ಇತ್ತೋ

ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ದೋಣಿ ಮೊದಲಿನಿಂದಲೂ ನಿಧಾನವಾಗಿದ್ದರೆ ಅದು ದೋಷವಲ್ಲ, ವಿನ್ಯಾಸ. ರೇಮಂಡ್ ಹಂಟ್ ರೂಪಿಸಿದ ಆಳವಾದ ವಿ ತಳದ ದೋಣಿಯೊಂದು 1960ರಲ್ಲಿ ಮಯಾಮಿಯಿಂದ ನಸ್ಸಾವ್‌ಗೆ ನಡೆದ ಸ್ಪರ್ಧೆಯನ್ನು ಒರಟು ಕಡಲಿನಲ್ಲಿ ಗೆದ್ದ ಮೇಲೆ, ಟ್ರಾನ್ಸಮ್ (ದೋಣಿಯ ಹಿಂಬದಿಯ ಅಡ್ಡಗೋಡೆ) ತನಕವೂ ಇಳಿಜಾರು ಕೋನವನ್ನು, ಎಂದರೆ ವಿ ಆಕಾರದ ಎರಡು ಬದಿಗಳು ನಡುಗೆರೆಯಿಂದ ಮೇಲಕ್ಕೇರುವ ಕೋನವನ್ನು, ಬಿಟ್ಟುಕೊಡದ ತಳಗಳು ತೆರೆದ ಕಡಲಿನ ವೇಗದೋಣಿಗಳ ಮಾದರಿಯೇ ಆದವು. ಟ್ರಾನ್ಸಮ್ ಬಳಿ ಸುಮಾರು 24 ಡಿಗ್ರಿ ಇಳಿಜಾರಿರುವ ಇಂಥ ತಳ ಅಲೆಯನ್ನು ಸೀಳಿಕೊಂಡು ಮೆತ್ತಗೆ ಇಳಿಯುತ್ತದೆ ನಿಜ. ಆದರೆ ನೀರನ್ನು ನೇರ ಕೆಳಕ್ಕೆ ಒತ್ತುವ ಬದಲು ಒಂದಿಷ್ಟನ್ನು ಪಕ್ಕಕ್ಕೆ ತಳ್ಳುವುದರಿಂದ ಅಷ್ಟೇ ಅಗಲದ ಚಪ್ಪಟೆ ತಳಕ್ಕೆ ಸಿಗುವಷ್ಟು ಎತ್ತುವ ಬಲ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಶಾಂತ ನೀರಿನಲ್ಲಿ ಅದೇ ತೂಕಕ್ಕೆ, ಅದೇ ಎಂಜಿನ್ನಿಗೆ, ಕಡಿಮೆ ಇಳಿಜಾರಿನ ತಳವೇ ಮುಂದೆ ಹೋಗುತ್ತದೆ. ಕೆಲವು ತಯಾರಕರು ವಿ ಆಕಾರವನ್ನು ಉಳಿಸಿಕೊಂಡೇ ಕೀಲಿನ, ಎಂದರೆ ತಳದ ನಡುಗೆರೆಯ, ಹಿಂತುದಿಯಲ್ಲಿ ಕಿರಿದಾದ ಚಪ್ಪಟೆ ಪಟ್ಟಿಯೊಂದನ್ನು ಕೊಡುವುದು ಇದೇ ಕಾರಣಕ್ಕೆ; ಪೂರ್ಣ ವೇಗದಲ್ಲಿ ಇಡೀ ದೋಣಿ ಆ ಪಟ್ಟಿಯ ಮೇಲೆ ಹೆಚ್ಚುಕಡಿಮೆ ನಿಂತುಬಿಡುತ್ತದೆ.

ದೋಣಿಯಿಂದ ಎಷ್ಟು ವೇಗವನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಜಾರ್ಜ್ ಕ್ರೌಚ್ ಅವರ ಹಳೆಯ ಸೂತ್ರ ಇಂದಿಗೂ ಸಾಕು. ದೋಣಿಯ ಒಟ್ಟು ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲದಿಂದ ಒಂದು ಸ್ಥಿರಾಂಕವನ್ನು ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. ಸ್ಥಿರಾಂಕ ಸಾಮಾನ್ಯ ವಿಹಾರದೋಣಿಗೆ 150ರ ಸುಮಾರು, ವೇಗದ ದೋಣಿಗಳಿಗೆ 190ರ ಸುಮಾರು, ಸ್ಪರ್ಧೆಯ ದೋಣಿಗಳಿಗೆ 210ರ ಸುಮಾರು. ನಮ್ಮ ದೋಣಿ ಜನ, ಇಂಧನ ಎಲ್ಲ ಸೇರಿ 1800 ಕಿಲೋ, ಎಂದರೆ 3968 ಪೌಂಡ್. 190ರ ಲೆಕ್ಕದಲ್ಲಿ ಗಂಟೆಗೆ 47.7 ಮೈಲಿ, ಅಂದರೆ 41.4 ನಾಟ್ ಬರಬೇಕು. ಹೊಸದರಲ್ಲಿ 42 ಬರುತ್ತಿತ್ತು ಎಂದ ಮಾಲೀಕರ ಮಾತು ಈ ಲೆಕ್ಕಕ್ಕೆ ಹೊಂದುತ್ತದೆ. ಯಾರಾದರೂ ಇದೇ ದೋಣಿ 52 ನಾಟ್ ಓಡುತ್ತಿತ್ತು ಎಂದು ಹೇಳಿದ್ದರೆ, ನಾನು ದೋಷ ಹುಡುಕುವ ಮೊದಲು ಅವರ ಸ್ಪೀಡೋಮೀಟರನ್ನು ಪರೀಕ್ಷಿಸುತ್ತಿದ್ದೆ.

ಇದೇ ಸೂತ್ರ ಇನ್ನೊಂದು ವಿಷಯವನ್ನೂ ಹೇಳುತ್ತದೆ. ವೇಗವು ಶಕ್ತಿಯ ವರ್ಗಮೂಲದಂತೆ ಏರುವುದರಿಂದ, 42ರಿಂದ 38ಕ್ಕೆ ಇಳಿಯುವುದೆಂದರೆ ಶಕ್ತಿಯ ಸುಮಾರು ಶೇ. 18 ಭಾಗ ಕಾಣೆಯಾದಂತೆ. 250 ಅಶ್ವಶಕ್ತಿಯಲ್ಲಿ ಹತ್ತಿರಹತ್ತಿರ 45 ಅಶ್ವಶಕ್ತಿಯಷ್ಟನ್ನು ದೋಣಿಯ ತಳ ನುಂಗುತ್ತಿತ್ತು. ಇಷ್ಟೊಂದು ಶಕ್ತಿ ಎಂಜಿನ್ನಿನಿಂದಲೇ ಹೋಗಿದ್ದರೆ ಶಬ್ದ, ಹೊಗೆ, ನಡುಕ ಏನಾದರೊಂದು ಕಾಣಿಸಿಕೊಳ್ಳಬೇಕಿತ್ತು. ಅಂಥದ್ದೇನೂ ಇರಲಿಲ್ಲ.

ಪರೀಕ್ಷೆಯ ಓಟ

ಜಿಪಿಎಸ್ ವೇಗವನ್ನಷ್ಟೇ ನಂಬಬೇಕು. ಒಂದೇ ಗೆರೆಯ ಮೇಲೆ ಎದುರುಬದುರು ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದರೆ ಪ್ರವಾಹದ, ಗಾಳಿಯ ಪ್ರಭಾವ ಬಹುಮಟ್ಟಿಗೆ ಕಳೆದುಹೋಗುತ್ತದೆ. ಟ್ಯಾಂಕಿನಲ್ಲಿರುವ ಇಂಧನ, ದೋಣಿಯಲ್ಲಿರುವ ಜನ, ಅವರು ಕುಳಿತ ಜಾಗ ಇವನ್ನು ಬರೆದಿಡಬೇಕು. ಪೂರ್ಣ ವೇಗದ ಪರೀಕ್ಷೆಯಲ್ಲಿ ಚಾಲಕರು ಕಿಲ್ ಸ್ವಿಚ್ಚಿನ (ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್) ಹಗ್ಗವನ್ನು ಮೈಗೆ ಕಟ್ಟಿಕೊಂಡೇ ಕೂರಬೇಕು, ಎಲ್ಲರೂ ಜೀವರಕ್ಷಕ ಜಾಕೆಟ್ ತೊಟ್ಟಿರಬೇಕು. ಇದರಲ್ಲಿ ರಿಯಾಯಿತಿ ಬೇಡ.

ಓಟದಲ್ಲಿ ಎರಡು ಕಡೆ ಅಂಕಿ ತೆಗೆಯಬೇಕು: ಪೂರ್ಣ ಥ್ರಾಟಲ್‌ನಲ್ಲಿ ಒಮ್ಮೆ, ನಿಗದಿತ ಮಧ್ಯಮ ಆರ್‌ಪಿಎಂನಲ್ಲಿ, ಹೇಳಬೇಕೆಂದರೆ ಸರಿಯಾಗಿ 4000ದಲ್ಲಿ, ಇನ್ನೊಮ್ಮೆ. ಎರಡೂ ಕಡೆ ವೇಗ, ಗಂಟೆಗೆ ಖರ್ಚಾಗುವ ಇಂಧನ ಎರಡನ್ನೂ ಗುರುತು ಹಾಕಿಕೊಳ್ಳಬೇಕು. ಬಹುತೇಕರು ಮೊದಲನೆಯದನ್ನಷ್ಟೇ ತೆಗೆದು ಸುಮ್ಮನಾಗುತ್ತಾರೆ. ಉತ್ತರ ಇರುವುದು ಎರಡನೆಯದರಲ್ಲಿ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ದುರ್ಬಲವಾದರೂ ಪೂರ್ಣ ಥ್ರಾಟಲ್‌ನಲ್ಲಿ ಆರ್‌ಪಿಎಂ, ವೇಗ ಎರಡೂ ಇಳಿಯುತ್ತವೆ. ತಳದ ಎಳೆತ ಹೆಚ್ಚಾದರೂ ಎರಡೂ ಇಳಿಯುತ್ತವೆ. ಹಾಗಾಗಿ ಪೂರ್ಣ ಥ್ರಾಟಲ್ ಅಂಕಿ ಇವೆರಡನ್ನು ಬೇರ್ಪಡಿಸಲಾರದು. ಆದರೆ 4000 ಆರ್‌ಪಿಎಂನಲ್ಲಿ ತಳ ಸರಿಯಿದ್ದರೆ ಪ್ರೊಪೆಲ್ಲರ್ ಕೇಳುವ ಶಕ್ತಿ ಮೊದಲಿನಷ್ಟೇ ಇರುತ್ತದೆ, ದುರ್ಬಲ ಎಂಜಿನ್ ಸಹ ಅಷ್ಟನ್ನು ಕೊಟ್ಟೀತು, ಆದ್ದರಿಂದ ವೇಗವೂ ಹಳೆಯ ವೇಗವೇ ಆಗಿರುತ್ತದೆ. ತಳ ಎಳೆಯುತ್ತಿದ್ದರೆ ಮಾತ್ರ ಅದೇ 4000ದಲ್ಲಿ ವೇಗ ಕಡಿಮೆಯಾಗಿ ಇಂಧನದ ಖರ್ಚು ಮೇಲೇರುತ್ತದೆ. ನಮ್ಮ ದೋಣಿಯ ಹಳೆಯ ದಾಖಲೆಯಲ್ಲಿ 4000ಕ್ಕೆ 27 ನಾಟ್, ಗಂಟೆಗೆ 42 ಲೀಟರ್ ಎಂದಿತ್ತು. ಈಗ 25 ನಾಟ್, 46 ಲೀಟರ್ ಬಂತು. ಆ ಎರಡು ಅಂಕಿ ನೋಡಿದ ಮೇಲೆ ಎಂಜಿನ್ನಿನ ಮುಚ್ಚಳವನ್ನು ನಾವು ತೆಗೆಯಲೇ ಇಲ್ಲ.

ಪ್ರೊಪೆಲ್ಲರ್‌ನ ಜಾರಿಕೆಯನ್ನೂ, ಎಂದರೆ ಅದು ಸುತ್ತುವ ಲೆಕ್ಕಕ್ಕೆ ಬರಬೇಕಾದ ವೇಗಕ್ಕಿಂತ ದೋಣಿ ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನೂ, ಲೆಕ್ಕ ಹಾಕಬೇಕು. ಆರ್‌ಪಿಎಂ ಅನ್ನು ಇಂಚಿನಲ್ಲಿರುವ, ಜಾರದಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಹೋಗುವ ದೂರವಾದ ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತ ಮತ್ತು 1215ರ ಗುಣಲಬ್ಧದಿಂದ ಭಾಗಿಸಿದರೆ ಜಾರಿಕೆಯೇ ಇಲ್ಲದಿದ್ದಾಗ ಬರಬೇಕಾದ ವೇಗ ನಾಟ್‌ನಲ್ಲಿ ಸಿಗುತ್ತದೆ. 18 ಇಂಚಿನ ಪಿಚ್, 1.85ರ ಗೇರ್ ಇರುವಲ್ಲಿ 5900ಕ್ಕೆ 47.2 ನಾಟ್ ಬರಬೇಕು. ಓಡುತ್ತಿದ್ದದ್ದು 42, ಜಾರಿಕೆ ಶೇ. 11. ಈಗ 5500ಕ್ಕೆ 44 ಬರಬೇಕಾದಲ್ಲಿ 38, ಜಾರಿಕೆ ಶೇ. 14ರ ಹತ್ತಿರ. ತಳ ಭಾರವಾಗಿ ಎಳೆಯುವಾಗ ಜಾರಿಕೆ ಹೀಗೆ ಒಂದೆರಡು ಹೆಜ್ಜೆ ಏರುತ್ತದೆ. ಅದು ಏಕಾಏಕಿ ಶೇ. 25, 30ಕ್ಕೆ ಹಾರಿ, ಆರ್‌ಪಿಎಂ ಇಳಿಯುವ ಬದಲು ಏರಿದ್ದರೆ ವಿಷಯ ಬೇರೆ. ಆಗ ಪ್ರೊಪೆಲ್ಲರ್‌ನ ಎಲೆ ಬಾಗಿರಬಹುದು, ಒಳಗಿನ ರಬ್ಬರ್ ಹಬ್ ಜಾರುತ್ತಿರಬಹುದು, ಇಲ್ಲವೇ ಪ್ರೊಪೆಲ್ಲರ್‌ಗೆ ಗಾಳಿ ಬೆರೆತ ನೀರು ಹೋಗುತ್ತಿರಬಹುದು. ಈ ಮೂರನೆಯದಕ್ಕೆ ತಳದ ಕಡೆಯಿಂದಲೂ ಕಾರಣವಿರುತ್ತದೆ: ಪ್ರೊಪೆಲ್ಲರ್‌ನ ನೇರ ಮುಂದೆ ಹೊಸದಾಗಿ ಕೂರಿಸಿದ ಸೋನಾರ್ ಸಂವೇದಕ ಅಥವಾ ನೀರೆಳೆಯುವ ಫಿಟಿಂಗ್ ತನ್ನ ಹಿಂದೆ ಗುಳ್ಳೆಗಳ ಸಾಲೊಂದನ್ನು ಎಳೆಯುತ್ತ ಹೋಗುತ್ತದೆ.

ಓಟದಲ್ಲೇ ಕಾಣುವ ಲಕ್ಷಣಗಳು

ಪಕ್ಕದಲ್ಲಿ ಇನ್ನೊಂದು ದೋಣಿಯನ್ನು ಸಮಾನ ವೇಗದಲ್ಲಿ ಓಡಿಸಿ ವಿಡಿಯೋ ತೆಗೆಯುವುದು ಒಳ್ಳೆಯದು. ದೋಣಿಯೊಳಗೇ ಕುಳಿತವರಿಗೆ ತಮ್ಮ ದೋಣಿ ಯಾವ ಕೋನದಲ್ಲಿ ಓಡುತ್ತಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಡೇನಿಯಲ್ ಸವಿಟ್ಸ್ಕಿ 1964ರಲ್ಲಿ ಪ್ರಕಟಿಸಿದ ಲೆಕ್ಕದ ಕ್ರಮದಿಂದ ತೋರಿಬರುವಂತೆ, ನೀರಿನ ಮೇಲೆ ಜಾರುವ ತಳಕ್ಕೆ ಸುಮಾರು 4 ಡಿಗ್ರಿ ಓಟದ ಕೋನದ ಆಸುಪಾಸಿನಲ್ಲಿ ಪ್ರತಿರೋಧ ಅತಿ ಕಡಿಮೆ. ಕೋನ ಇದಕ್ಕಿಂತ ಹೆಚ್ಚಾದರೆ ದೋಣಿ ನೀರನ್ನು ಅನವಶ್ಯಕವಾಗಿ ಕೆಳಕ್ಕೆ ತಳ್ಳುತ್ತ ಶಕ್ತಿ ಕಳೆದುಕೊಳ್ಳುತ್ತದೆ. ಕಡಿಮೆಯಾದರೆ ತಳದ ಹೆಚ್ಚು ಭಾಗ ನೀರಿಗೆ ತಾಗಿ ಉಜ್ಜಾಟ ಹೆಚ್ಚುತ್ತದೆ. 1978ರ ಅಕ್ಟೋಬರ್ 8ರಂದು ಕೆನ್ ವಾರ್ಬಿ ಆಸ್ಟ್ರೇಲಿಯಾದ ಬ್ಲೊವರಿಂಗ್ ಜಲಾಶಯದಲ್ಲಿ ಗಂಟೆಗೆ 511 ಕಿಲೋಮೀಟರ್ ವೇಗದ ದಾಖಲೆ ಬರೆದ ದೋಣಿ ಓಡಿದ್ದು ನೀರನ್ನು ಮೂರು ಕಡೆ ಸ್ವಲ್ಪವೇ ಸ್ವಲ್ಪ ಮುಟ್ಟಿಕೊಂಡು. ನಮ್ಮ ದೋಣಿಗಳ ಲೋಕವೇ ಬೇರೆ, ಆದರೆ ನೀರು ತಾಗುವ ವಿಸ್ತಾರ ಕಡಿಮೆಯಾದಷ್ಟೂ ವೇಗ ಎಂಬ ಲೆಕ್ಕ ಎರಡಕ್ಕೂ ಒಂದೇ.

ವಿಡಿಯೋದಲ್ಲಿ ನಮ್ಮ ದೋಣಿಯ ಮೂತಿ ನೀರಿಗೆ ಅಂಟಿದಂತೆ ತಗ್ಗಿ ಓಡುತ್ತಿತ್ತು. ಚಿಮ್ಮುವ ನೀರು ಚಾಲಕನ ಕುರ್ಚಿಗೂ ಬಹಳ ಮುಂದಿನಿಂದಲೇ ಹೊರಡುತ್ತಿತ್ತು. ಸರಿಯಾದ ದೋಣಿಯಲ್ಲಿ ಅದು ಕುರ್ಚಿಗಿಂತ ಹಿಂದಕ್ಕೆ ಸರಿದಿರಬೇಕು. ಎಂಜಿನ್ ಟ್ರಿಮ್ ಅನ್ನು, ಎಂದರೆ ಟ್ರಾನ್ಸಮ್ ಮೇಲೆ ಎಂಜಿನ್ ಬಾಗಿರುವ ಕೋನವನ್ನು, ಹೊರಕ್ಕೆ ಎತ್ತಿದರೂ ಮೂತಿ ಮೇಲೇಳಲಿಲ್ಲ, ಬದಲಿಗೆ ಪ್ರೊಪೆಲ್ಲರ್ ಗಾಳಿ ಹಿಡಿಯಲು ತೊಡಗಿತು. ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತಿತ್ತು. ಇವೆಲ್ಲ ತಳದ ಹಿಂಭಾಗದಲ್ಲಿ ಹುಕ್ ಬಿದ್ದಿರುವ ಲಕ್ಷಣ. ಹುಕ್ ಎಂದರೆ ಉದ್ದಕ್ಕೆ ಸಾಗಿಬರುವ ತಳ ಟ್ರಾನ್ಸಮ್‌ಗೆ ಮುಟ್ಟುವ ಮೊದಲು ಒಳಕ್ಕೆ ತಗ್ಗಿ, ಕೊನೆಯಲ್ಲಿ ಮತ್ತೆ ಕೆಳಕ್ಕೆ ಬಾಗಿರುವುದು. ಬಾಗಿದ ಆ ತುದಿ ಓಟದಲ್ಲಿ ಹಿಂಬದಿಯನ್ನು ಎತ್ತುತ್ತದೆ, ಹಾಗಾಗಿ ಮೂತಿ ತಗ್ಗುತ್ತದೆ, ತಾಗುವ ನೀರು ಹೆಚ್ಚುತ್ತದೆ.

ಮಾಲೀಕರು ಎರಡು ವರ್ಷ ಇದನ್ನು ಗಮನಿಸದೆ ಹೋದದ್ದಕ್ಕೂ ಕಾರಣವಿದೆ. ಹುಕ್ ಇರುವ ದೋಣಿ ನಿಂತಲ್ಲಿಂದ ಹೊರಟಾಗ ಮೂತಿ ಎತ್ತದೆ ಬೇಗನೆ ನೀರಿನ ಮೇಲೆ ಏಳುತ್ತದೆ. ದೋಣಿ ಮೊದಲಿಗಿಂತ ಚೆನ್ನಾಗಿ ಏಳುತ್ತಿದೆ ಎಂದು ಅವರು ಸಂತೋಷದಿಂದಲೇ ಹೇಳಿದ್ದರು. ದೋಷ ಕೆಳಗಿನ ವೇಗದಲ್ಲಿ ಗುಣದ ವೇಷ ಹಾಕಿಕೊಂಡು ಬಂದಿತ್ತು.

ಇದಕ್ಕೆ ವಿರುದ್ಧವಾದದ್ದು ಉಬ್ಬು. ತಳದ ಹಿಂಭಾಗ ಹೊರಕ್ಕೆ ಉಬ್ಬಿದ್ದರೆ ಹಿಂಬದಿ ಕೆಳಕ್ಕೆ ಕೂತು ಮೂತಿ ಮೇಲೇಳುತ್ತದೆ. ಸ್ವಲ್ಪ ಟ್ರಿಮ್ ಎತ್ತಿದರೂ ದೋಣಿ ಕುದುರೆ ಕುಣಿದಂತೆ ಒಂದೇ ಲಯದಲ್ಲಿ ಏರಿಳಿಯತೊಡಗುತ್ತದೆ, ಚಾಲಕ ಅನಿವಾರ್ಯವಾಗಿ ಥ್ರಾಟಲ್ ಹಿಂದೆಗೆಯಬೇಕಾಗುತ್ತದೆ. ಆದರೆ ಎಂಜಿನ್ನಿನ ಎತ್ತರ ತಪ್ಪಿದ್ದರೂ, ತೂಕ ಹಿಂದಕ್ಕೆ ಸರಿದಿದ್ದರೂ ಇದೇ ಕುಣಿತ ಬರುವುದರಿಂದ ಮಟ್ಟಗೋಲಿನ ಸಾಕ್ಷಿಯಿಲ್ಲದೆ ಉಬ್ಬು ಎಂದು ತೀರ್ಮಾನಿಸಬಾರದು.

ಮಟ್ಟಗೋಲು ಹಿಡಿಯುವ ಕ್ರಮ

ಗಾರೆ ಕೆಲಸದವರು ಬಳಸುವ ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಮಟ್ಟಗೋಲು ಸಾಕು. ಅದು ನೇರವಾಗಿದೆಯೇ ಎಂದು ಮೊದಲು ಗಾಜಿನ ಮೇಲಿಟ್ಟು ನೋಡಿಕೊಳ್ಳಬೇಕು. ತಳವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಮಟ್ಟಗೋಲಿನ ಹಿಂತುದಿ ಟ್ರಾನ್ಸಮ್ ಅಂಚಿಗೆ ಬರುವಂತೆ, ಕೀಲಿಗೆ ಸಮಾನಾಂತರವಾಗಿ ತಳಕ್ಕೆ ಒತ್ತಿ ಹಿಡಿಯಬೇಕು. ಎಡಬಲ ಎರಡೂ ಕಡೆ ಮೂರು ಮೂರು ಸಾಲಿನಲ್ಲಿ, ಎಂದರೆ ಕೀಲಿನ ಪಕ್ಕ, ನಡುವೆ, ತಳ ಮಡಿಚಿ ಬದಿಯ ಗೋಡೆಯಾಗುವ ಅಂಚಿನ ಪಕ್ಕ, ಹೀಗೆ ನೋಡಬೇಕು. ಒಬ್ಬರು ಕೋಲು ಹಿಡಿದಿರುವಾಗ ಇನ್ನೊಬ್ಬರು ಅದರ ಆಚೆಯಿಂದ ಟಾರ್ಚ್ ಬಿಟ್ಟರೆ ಬೆಳಕಿನ ಗೆರೆಯೇ ಎಲ್ಲವನ್ನೂ ಹೇಳುತ್ತದೆ. ನಡುವೆ ಬೆಳಕು ಕಂಡು ಎರಡು ತುದಿಯಲ್ಲಿ ಕಾಣದಿದ್ದರೆ ಹುಕ್. ಕೋಲು ತಕ್ಕಡಿಯಂತೆ ಹಿಂದೆ ಮುಂದೆ ಆಡಿದರೆ ಉಬ್ಬು. ಸಂದಿಯನ್ನು ಅಳೆಯಲು ಡ್ರಿಲ್ ಬಿಟ್‌ಗಳ ಹಿಂತುದಿಯನ್ನೇ ನಾನು ತೂರಿಸಿ ನೋಡುತ್ತೇನೆ.

ಅಂದು ಬಲಬದಿಯಲ್ಲಿ 3 ಮಿಲಿಮೀಟರ್ ಬಿಟ್ ಸರಾಗವಾಗಿ ಹೋಯಿತು, 4ರದ್ದು ಸ್ವಲ್ಪ ಬಿಗಿಯಾಗಿ ಹೋಯಿತು, 5ರದ್ದು ಹೋಗಲಿಲ್ಲ. ಎಡಬದಿಯಲ್ಲಿ 2ರದ್ದು ಮಾತ್ರ ಹೋಯಿತು. ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತಿದ್ದುದಕ್ಕೆ ಎರಡು ಬದಿಯ ಈ ವ್ಯತ್ಯಾಸವೇ ಕಾರಣ. ತಗ್ಗು ಅತಿ ಆಳವಾಗಿದ್ದದ್ದು ಟ್ರಾನ್ಸಮ್‌ನಿಂದ 30 ಸೆಂಟಿಮೀಟರ್ ಮುಂದೆ. ದೋಣಿ ಹೊತ್ತ ಟ್ರೇಲರಿನಲ್ಲಿ ತಳಕ್ಕೆ ಆಧಾರವಾದ ಉದ್ದಪಟ್ಟಿಗಳು ಮುಗಿಯುತ್ತಿದ್ದದ್ದೂ ಸರಿಯಾಗಿ ಅಲ್ಲಿಗೇ. ಕಾಲು ಟನ್ನಿಗೂ ಮಿಕ್ಕಿದ ಎಂಜಿನ್ ಆಧಾರವಿಲ್ಲದ ಹಿಂತುದಿಯಲ್ಲಿ ನೇತಾಡುತ್ತ, ಬಿಸಿಲಿನಲ್ಲಿ ಎರಡು ಬೇಸಿಗೆ ನಿಂತ ಫೈಬರ್ ತಳ ಆ ಪಟ್ಟಿಯ ತುದಿಯ ಮೇಲೆ ನಿಧಾನವಾಗಿ ಮಣಿದುಕೊಂಡಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟ್ರೇಲರ್ ಮೇಲಿದ್ದಾಗ ಕಂಡ ಬಾಗು ಕೇವಲ ಆ ಹೊತ್ತಿನ ಭಾರದಿಂದ ಬಂದಿರಬಹುದು. ದೋಣಿಯನ್ನು ಕ್ರೇನಿನ ಬೆಲ್ಟ್‌ನಲ್ಲಿ ಎತ್ತಿ, ಟ್ರಾನ್ಸಮ್ ಕೆಳಗೆ ಆಧಾರ ಕೊಟ್ಟು ಒಂದು ದಿನ ಬಿಟ್ಟು ಮತ್ತೆ ಅಳೆಯಬೇಕು. ನಮ್ಮಲ್ಲಿ 4 ಇದ್ದದ್ದು 3ಕ್ಕೆ ಇಳಿಯಿತು, ಅಷ್ಟೇ. ತಗ್ಗು ಸ್ಥಿರವಾಗಿ ಕೂತಿತ್ತು. ಕೆಲವು ತಯಾರಕರು ದೋಣಿ ಸಮತಟ್ಟಾಗಿ ಓಡಲಿ ಎಂದು ಬೇಕೆಂದೇ ಅಚ್ಚಿನಲ್ಲೇ ತುಸು ಹುಕ್ ಕೊಡುವುದುಂಟು. ಅಂಥ ಕಡೆ ಎರಡೂ ಬದಿಯ ಅಳತೆ ಒಂದೇ ಇರುತ್ತದೆ, ಫೈಬರಿನ ಹೊರಪದರವಾದ ಜೆಲ್‌ಕೋಟ್‌ನಲ್ಲಿ ಬಿರುಕಿನ ಗೆರೆಗಳಿರುವುದಿಲ್ಲ.

ಹಿಂಬದಿಯ ಅಂಚು

ತಳ ನೇರವಿದ್ದೂ ವೇಗ ಹೋಗಿದ್ದರೆ ಮುಂದೆ ನೋಡಬೇಕಾದದ್ದು ತಳ ಮತ್ತು ಟ್ರಾನ್ಸಮ್ ಸೇರುವ ಅಂಚನ್ನು. ಅದು ಉಗುರಿಗೆ ಚುರುಕಾಗಿ ತಾಗುವಷ್ಟು ಚೂಪಾಗಿರಬೇಕು. ದುರಸ್ತಿಯ ನೆಪದಲ್ಲಿ, ಬಣ್ಣ ಬಳಿಯುವಾಗ ಉಜ್ಜುವ ನೆಪದಲ್ಲಿ ಅದನ್ನು ನುಣ್ಣಗೆ ದುಂಡಗೆ ಮಾಡಿಬಿಡುವವರಿದ್ದಾರೆ. ನೋಡಲು ಅಚ್ಚುಕಟ್ಟಾಗಿ ಕಾಣುವ ಆ ದುಂಡುಅಂಚಿನ ಮೇಲೆ ನೀರು ಅಂಟಿಕೊಂಡು ಮೇಲಕ್ಕೆ ತಿರುಗುತ್ತದೆ, ಬಿಟ್ಟು ಹೋಗುವುದಿಲ್ಲ, ಹಾಗೆ ಅಂಟಿದ ನೀರು ಹಿಂಬದಿಯನ್ನು ಹೀರಿ ಹಿಡಿಯುತ್ತದೆ. ಪೂರ್ಣ ವೇಗದಲ್ಲಿ ಕೋಲಿಗೆ ಕಟ್ಟಿದ ಕ್ಯಾಮೆರಾದಿಂದ ನೋಡಿದಾಗ ಟ್ರಾನ್ಸಮ್ ಒಣಗಿರಬೇಕು. ಒದ್ದೆಯಾಗಿದ್ದರೆ ಅಂಚು ಕೆಟ್ಟಿದೆ. ತಳದುದ್ದಕ್ಕೂ ಇರುವ ಉಬ್ಬುಪಟ್ಟಿಗಳ ಕೆಳಅಂಚಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ನೀರನ್ನು ತಳದಿಂದ ಕಿತ್ತು ಹೊರಕ್ಕೆ ಎಸೆಯುವುದೇ ಅವುಗಳ ಕೆಲಸ.

ಮೆಟ್ಟಿಲಿರುವ ತಳಗಳಲ್ಲಿ

ಮೆಟ್ಟಿಲಿನ ತಳ ವೇಗ ಪಡೆಯುವುದು ಗಾಳಿಯಿಂದ. ಅಡ್ಡಲಾಗಿ ಕೊಟ್ಟ ಮೆಟ್ಟಿಲಿನ ಹಿಂದೆ ಒತ್ತಡ ಕುಸಿದು, ಬದಿಯ ತೆರಪಿನಿಂದ ಗಾಳಿ ಒಳಬಂದು, ತಳದ ಒಂದಿಷ್ಟು ಭಾಗ ನೀರನ್ನೇ ಮುಟ್ಟದೆ ಓಡುತ್ತದೆ. ಆ ತೆರಪು ಬಾರ್ನಕಲ್ ಚಿಪ್ಪಿನಿಂದಲೋ ದಪ್ಪ ಬಣ್ಣದಿಂದಲೋ ಮುಚ್ಚಿದ್ದರೆ, ಅಥವಾ ಹೆಚ್ಚು ಭಾರದಿಂದ ನೀರಿನೊಳಗೇ ಮುಳುಗಿದ್ದರೆ, ಗಾಳಿಯ ಬದಲು ಹೀರುವ ಸೆಳೆತ ಉಳಿಯುತ್ತದೆ. ಲಕ್ಷಣ ಸ್ಪಷ್ಟ: ದೋಣಿ ಒಂದು ವೇಗದಲ್ಲಿ ಅಂಟಿಕೊಂಡಂತೆ ನಿಂತು, ಕೆಲವೊಮ್ಮೆ ತಟ್ಟನೆ ಬಿಡಿಸಿಕೊಂಡು ನಾಲ್ಕೈದು ನಾಟ್ ಜಿಗಿಯುತ್ತದೆ. ತೆರಪುಗಳನ್ನು ಶುಚಿಮಾಡಿ, ಮೆಟ್ಟಿಲಿನ ಅಂಚನ್ನು ಮತ್ತೆ ಚೂಪು ಮಾಡಿದರೆ ಬಹುತೇಕ ಸರಿಹೋಗುತ್ತದೆ. ಇಂಥ ದೋಣಿಯನ್ನು ಪರೀಕ್ಷಿಸುವಾಗ ತಿರುವಿನ ನಡುವೆ ಥ್ರಾಟಲನ್ನು ಥಟ್ಟನೆ ಹಿಂದೆಗೆಯಬಾರದು. ಮೂತಿ ಕುಸಿದು ನೀರನ್ನು ಕಚ್ಚಿ, ಹಿಂಬದಿ ಜಾರಿ, ದೋಣಿ ಗಿರಕಿ ಹೊಡೆದು ಜನರನ್ನು ಹೊರಕ್ಕೆಸೆಯುವ ಅಪಾಯವಿದೆ.

ಉಳಿದವನ್ನು ಬೇಗ ಮುಗಿಸಬಹುದು. ಪಾಚಿಯ ತೆಳುಲೋಳೆ ಕೂಡ ವೇಗ ತಿನ್ನುತ್ತದೆ. ಅಂಗೈ ಆಡಿಸಿದರೆ ತಿಳಿಯುತ್ತದೆ. ದೋಣಿಯೊಳಗೆ ತುಂಬಿದ್ದು ನೀರು ಕುಡಿದ ಫೋಮ್ ಕಣ್ಣಿಗೆ ಕಾಣದು, ಕ್ರೇನಿನಲ್ಲಿ ತೂಗಿಯೇ ತಿಳಿಯಬೇಕು: 1800 ಕಿಲೋ ದೋಣಿ 180 ಕಿಲೋ ಹೆಚ್ಚಾದರೆ ಕ್ರೌಚ್ ಲೆಕ್ಕದಲ್ಲಿ ವೇಗ ಶೇ. 5ರಷ್ಟು ಇಳಿಯುತ್ತದೆ.

ದುರಸ್ತಿ

ಪುಟ್ಟಿ ತುಂಬುವ ಮೊದಲು ತಗ್ಗಿರುವ ಜಾಗದ ಮೇಲೆಲ್ಲ ಪ್ಲಾಸ್ಟಿಕ್ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಕೇಳಬೇಕು. ಗಟ್ಟಿ ಶಬ್ದದ ನಡುವೆ ಎಲ್ಲಾದರೂ ಡಬ್ಬದಂತೆ ಪೊಳ್ಳು ಶಬ್ದ ಬಂದರೆ ಪದರ ಬಿಟ್ಟಿದೆ, ಇಲ್ಲವೇ ಒಳಗಿನ ಉದ್ದದಿಂಡು ತಳದಿಂದ ಕಿತ್ತುಕೊಂಡಿದೆ; ಅದನ್ನು ಒಳಗಿನಿಂದ ಸರಿಮಾಡದೆ ಹೊರಗೆ ತುಂಬಿದ್ದು ನಿಲ್ಲುವುದಿಲ್ಲ. ನಮ್ಮ ದೋಣಿಯಲ್ಲಿ ಶಬ್ದ ಎಲ್ಲ ಕಡೆ ಒಂದೇ ಇತ್ತು. ಜೆಲ್‌ಕೋಟನ್ನು ಉಜ್ಜಿ ತೆಗೆದು, ನೀರಿನೊಳಗೆ ಬಳಸುವ ಎಪಾಕ್ಸಿ ಪುಟ್ಟಿಯನ್ನು ತೆಳುವಾದ ಪದರಗಳಲ್ಲಿ ತುಂಬಿ, ಉದ್ದನೆಯ ಹಲಗೆಗೆ ಕಟ್ಟಿದ ಮರಳುಕಾಗದದಿಂದ ಮುಂದಿನಿಂದ ಹಿಂದಕ್ಕೆ ಉಜ್ಜಿದೆವು. ಚಿಕ್ಕ ಯಂತ್ರದಿಂದ ಉಜ್ಜಿದರೆ ಅಲೆಅಲೆಯಾಗುತ್ತದೆ, ಆದ್ದರಿಂದ ಈ ಕೆಲಸ ಕೈಯಲ್ಲೇ ಆಗಬೇಕು. ಕೊನೆಯಲ್ಲಿ ಟ್ರಾನ್ಸಮ್‌ಗೆ ಹಲಗೆ ಬಿಗಿದು ಅಂಚಿನ ತನಕ ಪುಟ್ಟಿ ತುಂಬಿ, ಹಲಗೆ ತೆಗೆದಾಗ ಚೂಪಾದ ಅಂಚು ತಾನಾಗಿ ಸಿಕ್ಕಿತು.

ಮತ್ತೆ ನೀರಿಗಿಳಿಸಿದ ದಿನ 4000ದಲ್ಲಿ 27 ನಾಟ್, ಪೂರ್ಣ ಥ್ರಾಟಲ್‌ನಲ್ಲಿ 5850 ಆರ್‌ಪಿಎಂಗೆ 41.5 ನಾಟ್ ಬಂತು. ದೋಣಿ ಹೊರಡುವ ಮೊದಲು ಟ್ರೇಲರಿನ ಉದ್ದಪಟ್ಟಿಗಳನ್ನು ಬಿಚ್ಚಿ, 35 ಸೆಂಟಿಮೀಟರ್ ಹೆಚ್ಚು ಉದ್ದದವನ್ನು ಟ್ರಾನ್ಸಮ್ ಅಂಚಿಗಿಂತ ತುಸು ಹೊರಕ್ಕೆ ಚಾಚುವಂತೆ ಕೂರಿಸಿ, ಎಂಜಿನ್ನಿಗೆ ಪ್ರತ್ಯೇಕ ಆಧಾರದಂಡ ಕೊಟ್ಟೆವು. ಆರು ತಿಂಗಳ ನಂತರ ಅದೇ ಮಟ್ಟಗೋಲನ್ನು ಅದೇ ಆರು ಸಾಲಿನಲ್ಲಿ ಹಿಡಿದು ನೋಡಿದಾಗ 1 ಮಿಲಿಮೀಟರಿನ ಬಿಟ್ ಎಲ್ಲಿಯೂ ಒಳಗೆ ಹೋಗಲಿಲ್ಲ.